ಐದನೇ ಜಾರ್ಜ್‌ನ 1911ರ ಬೆಳ್ಳಿ ರೂಪಾಯಿ: ಸರದಲ್ಲಿರೋದು ಆನೆಯೋ ಹಂದಿಯೋ? ಗುರುತಿಸೋದು ಹೇಗೆ?

ಬೆಳ್ಳಿಬಿಲ್ಲೆ
1911ರ ಐದನೇ ಜಾರ್ಜ್ ಬೆಳ್ಳಿ ರೂಪಾಯಿ ಒಂದು ಮುಂದಿದೆ. ತೂಕ 11.54 ಗ್ರಾಂ, ಅಡ್ಡಳತೆ 30.5 ಮಿಮೀ, ಅಂಚಿನಲ್ಲಿ ಗೀರುಗಳಿವೆ. ‘ಹಂದಿ ರೂಪಾಯಿ’ ಅನ್ನೋದು ಇದನ್ನೇ ಅಲ್ವಾ? ಆದರೆ ರಾಜನ ಕೊರಳ ಸರದಲ್ಲಿರೋ ಪ್ರಾಣಿ ಸವೆದು ಬರೀ ಉಬ್ಬಾಗಿ ಉಳಿದಿದೆ. ಸವೆದ ನಾಣ್ಯದಲ್ಲಿ ಎರಡು ಬಗೆಯನ್ನೂ ಬೇರೆ ಮಾಡೋದು ಹೇಗೆ, ಇಸವಿ ತಿದ್ದಿದ್ದರೆ ಪತ್ತೆ ಹಚ್ಚೋದು ಹೇಗೆ, ಅಷ್ಟಕ್ಕೂ ರಾಜನ ಎದೆ ಮೇಲೆ ಆನೆ ಯಾಕೆ ಬಂತು? ಬಲ್ಲವರು ಹೇಳಿ.

ತೊಲೆತಕ್ಕಡಿ
ಕೊನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಅದು ತಿಳಿದರೆ ಉಳಿದೆರಡಕ್ಕೆ ದಾರಿ ಸಲೀಸು.

ರಾಜ ತೊಟ್ಟಿರೋದು ಬರೀ ನಿಲುವಂಗಿ ಅಲ್ಲ. ಅದರ ಮೇಲೆ ‘ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್’ ಅನ್ನೋ ಗೌರವಶ್ರೇಣಿಯ ಸರ ಇದೆ. 1878ರ ಜನವರಿ 1ರಂದು, ವಿಕ್ಟೋರಿಯಾ ಭಾರತದ ಸಾಮ್ರಾಜ್ಞಿ ಆದದ್ದರ ನೆನಪಿಗೆ ಹುಟ್ಟುಹಾಕಿದ ಶ್ರೇಣಿ ಅದು. ಅದರ ಚಿನ್ನದ ಸರದಲ್ಲಿ ಆನೆ, ನವಿಲು, ಗುಲಾಬಿ ಬಿಲ್ಲೆಗಳು ಒಂದಾದ ಮೇಲೊಂದು ಬರುತ್ತವೆ. ನಾಣ್ಯದಲ್ಲಿ ಕಾಣೋ ಪ್ರಾಣಿ ಆ ಸರದ ಆನೆ. 1911ರ ಅಚ್ಚಿನಲ್ಲಿ (ಮೊದಲ ಬಗೆ) ಅದು ಹಂದಿಯ ಹಾಗೆ ಕಂಡು ಗಲಾಟೆಯಾಯಿತು, ‘ಹಂದಿ ರೂಪಾಯಿ’ ಅನ್ನೋ ಹೆಸರು ಅದಕ್ಕೇ. 1912ರಲ್ಲಿ ಸರ್ಕಾರ ಆನೆಯನ್ನು ತಿದ್ದಿಸಿತು (ಎರಡನೇ ಬಗೆ).

ಮುಖಭಾಗ ರೂಪಿಸಿದವನು ಬರ್ಟ್ರಮ್ ಮೆಕೆನಲ್, ಆಸ್ಟ್ರೇಲಿಯಾ ಮೂಲದ ಶಿಲ್ಪಿ. ಇದೇ ಜಾರ್ಜ್ ಇಂಗ್ಲೆಂಡಿನ ನಾಣ್ಯಗಳಲ್ಲಿ ಬರಿತಲೆಯಲ್ಲಿದ್ದಾನೆ, ಹಾರವೂ ಇಲ್ಲ, ಕಿರೀಟವೂ ಇಲ್ಲ. ಭಾರತದ ನಾಣ್ಯಕ್ಕೆ ಬರುವಾಗ ಕಿರೀಟ, ಕಸೂತಿಯ ನಿಲುವಂಗಿ, ಸರ ಎಲ್ಲ ಹೇರಿದ್ದಾರೆ. ಒಬ್ಬನೇ ಮನುಷ್ಯ, ಅಲ್ಲಿ ರಾಜ, ಇಲ್ಲಿ ಚಕ್ರವರ್ತಿ. ಸುತ್ತಲಿನ ಬರಹವೂ ‘ಜಾರ್ಜ್ ಫಿಫ್ತ್ ಕಿಂಗ್ ಎಂಪರರ್’. ಹಿಂದಿನ ಏಳನೇ ಎಡ್ವರ್ಡ್‌ನ ರೂಪಾಯಿ ತೆಗೆದು ಪಕ್ಕದಲ್ಲಿಡಿ. ಅವನದು ಬರಿತಲೆ, ಕುತ್ತಿಗೆಗೇ ಚಿತ್ರ ಮುಗಿಯುತ್ತೆ, ಬಟ್ಟೆಯೇ ಕಾಣಲ್ಲ. ಅಂದರೆ ಈ ಆನೆಗೆ ಜಾಗ ಸಿಕ್ಕಿದ್ದೇ ಜಾರ್ಜ್‌ನ ಕಾಲದಲ್ಲಿ.

ಹಳೇಪಾವಲಿ
ಗುರುತಿಸೋದರ ಬಗ್ಗೆ ನಾನು ಹೇಳ್ತೀನಿ.

ಎಲ್ಲರೂ ಸೊಂಡಿಲನ್ನೇ ಹುಡುಕುತ್ತಾರೆ. ಹೊಸ ನಾಣ್ಯದಲ್ಲಿ ಅದು ಸರಿ: 1911ರ ಅಚ್ಚಿನಲ್ಲಿ ಸೊಂಡಿಲು ಮೊಂಡ, ಮೂತಿಯ ಹಾಗೆ ನಿಂತುಬಿಟ್ಟಿದೆ. 1912ರದರಲ್ಲಿ ಉದ್ದಕ್ಕೆ ಇಳಿದು ಸೊಂಡಿಲು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ, ಕಿವಿಯೂ ಬಿಡಿಸಿ ಕಾಣುತ್ತೆ. ಆದರೆ ನಾಣ್ಯ ಸವೆದಂತೆ ಮೊದಲು ಹೋಗೋದೇ ಸೊಂಡಿಲು, ಕಿವಿ. ಆಗ 1913, 1916, 1919 ಯಾವುದನ್ನು ಹಿಡಿದರೂ ಹಂದಿಯೇ. ‘ಹಂದಿ ರೂಪಾಯಿ’ ಅಂತ ಮಾರಾಟಕ್ಕೆ ಬರೋ ಎಷ್ಟೋ ಫೋಟೋಗಳು ಇಂಥ ಸವೆದ ಎರಡನೇ ಬಗೆಯವೇ.

ಅದಕ್ಕೇ ಕಾಲು, ಬಾಲ ನೋಡಿ. 10 ಪಟ್ಟಿನ ಲೂಪ್ (ಭೂತಗನ್ನಡಿ) ಸಾಕು. ಮೊದಲ ಬಗೆಯಲ್ಲಿ ಕಾಲು ಹಂದಿಕಾಲಿನ ಹಾಗೆ ತೆಳು, ಬಾಲ ಮೋಟು. ಎರಡನೆಯದರಲ್ಲಿ ಕಾಲು ಕಂಬದ ಹಾಗೆ ದಪ್ಪ, ಬಾಲ ಉದ್ದ. ಹೊಟ್ಟೆಯ ಕೆಳಗೆ ಕಾಲುಗಳ ನಡುವಿನ ಸಂದು ತಗ್ಗಿನಲ್ಲಿರೋದರಿಂದ ಬೇಗ ಅಳಿಯಲ್ಲ, ಸೊಂಡಿಲು ಪೂರ್ತಿ ಹೋದ ಮೇಲೂ ಅದು ಉಳಿದಿರುತ್ತೆ.

ರೂಪಾಯಿ ಒಂದೇ ಅಲ್ಲ. 1911 ಇಸವಿಯ ಅರ್ಧ ರೂಪಾಯಿ, ಪಾವಲಿ, ಎರಡಾಣೆ, ಕಂಚಿನ ಕಾಲಾಣೆ ಎಲ್ಲದರಲ್ಲೂ ಮೊದಲ ಬಗೆಯ ಆನೆಯೇ ಇದೆ. ಎರಡಾಣೆಯಲ್ಲಿ ಅದು ಎಷ್ಟು ಚಿಕ್ಕದೆಂದರೆ ಜಗಳಕ್ಕೂ ಸಾಲದು.

ಲೂಪ್‌ಕಣ್ಣು
ಇಸವಿ ತಿದ್ದೋದರ ಬಗ್ಗೆ. ಕೊನೆಯ ಅಂಕಿಯನ್ನು 1 ಮಾಡಿ 1911 ಅನ್ನಿಸೋಕೆ ಹೆಚ್ಚು ಬಳಕೆಯಾಗೋದು 1917 ಮತ್ತು 1912. 1917ರಲ್ಲಿ 7ರ ಮೇಲಿನ ಅಡ್ಡಗೆರೆ ಕೆತ್ತಿ, ಕಾಲನ್ನು ಸ್ವಲ್ಪ ನೆಟ್ಟಗೆ ಮಾಡಿದರೆ ದೂರದಿಂದ 1. ಮೋಸ ಹೀಗೆ ಸಿಕ್ಕಿಬೀಳುತ್ತೆ:

1911ರಲ್ಲಿ ಮೂರು 1 ಇವೆ, ಅಲ್ವಾ? ಒಂದೇ ಅಚ್ಚಿನಿಂದ ಬಂದವು. ಮೂರರ ಎತ್ತರ, ದಪ್ಪ, ತುದಿಯ ಆಕಾರ ತಾಳೆಯಾಗಬೇಕು. ಕೊನೆಯ 1 ತೆಳ್ಳಗಿದ್ದರೆ, ವಾಲಿದ್ದರೆ ಅಥವಾ ಅದರ ಪಾದ ಬೇರೆ ಆಕಾರದಲ್ಲಿದ್ದರೆ ಅಲ್ಲೇ ನಿಲ್ಲಿಸಿ. ಆಮೇಲೆ ದೀಪವನ್ನು ಮಗ್ಗುಲಿನಿಂದ ತಗ್ಗಾಗಿ ಬಿಟ್ಟು ಅಂಕಿಯ ಸುತ್ತಲಿನ ಬಯಲು ನೋಡಿ. ಲೋಹ ಕೆತ್ತಿದ ಕಡೆ ಸಣ್ಣ ಗುಂಡಿ ಬೀಳುತ್ತೆ, ಅದನ್ನು ಮರೆಮಾಡೋಕೆ ಉಜ್ಜಿದರೆ ಅಲ್ಲಿನ ಹಳೆಯ ಬಣ್ಣ ಹೋಗಿ ಬೇರೆಯೇ ಹೊಳಪು ಬರುತ್ತೆ. ಅದನ್ನೂ ಮುಚ್ಚೋಕೆ ಗಂಧಕದ ದ್ರಾವಣದಲ್ಲಿ ಅದ್ದಿ ಕಪ್ಪು ಮಾಡ್ತಾರೆ. ಆ ಕಪ್ಪು ತಗ್ಗು-ಉಬ್ಬು ನೋಡದೆ ಎಲ್ಲ ಕಡೆ ಒಂದೇ ಸಮ ಕೂತಿರುತ್ತೆ. ಕಾಲಕ್ರಮದಲ್ಲಿ ಬಂದ ಕಪ್ಪು ಅಕ್ಷರದ ಬುಡ, ಹಾರದ ಸಂದುಗಳಲ್ಲಿ ದಟ್ಟವಾಗಿ, ಉಬ್ಬಿದ ಕಡೆ ತೆಳುವಾಗಿ ಇರುತ್ತೆ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ನಾಣ್ಯದ ಇನ್ನೊಂದು ಬದಿಯಲ್ಲೇ ಇದೆ. ತಿದ್ದುವವನು ಹಿಂಬದಿಯ ಇಸವಿ ತಿದ್ದಬಹುದು, ಮುಂಬದಿಯ ಆನೆಯನ್ನು ಹಂದಿ ಮಾಡೋದು ಅವನಿಂದ ಆಗದು. 1911 ಅಂತ ಇದ್ದು ದಪ್ಪ ಕಾಲು, ಉದ್ದ ಬಾಲ ಕಂಡರೆ ಇಸವಿಯನ್ನು ನಂಬಬೇಡಿ.

ಬೆಳ್ಳಿಬಿಲ್ಲೆ
ಕಾಲಿನ ಸಂದು ಕಾಣ್ತಿದೆ. ತೆಳು ಕಾಲು, ಬಾಲ ಮೋಟು. ಮೂರು 1 ಕೂಡ ಒಂದೇ ಥರ. ಆದರೆ 11.54 ಗ್ರಾಂ ಅಂದರೆ ಕಡಿಮೆ ಅಲ್ವಾ? 11.66 ಇರಬೇಕು ಅಂತ ಎಲ್ಲ ಕಡೆ ಬರೆದಿದೆ.

ತೊಲೆತಕ್ಕಡಿ
ಕಡಿಮೆಯೇನಲ್ಲ, ಲೆಕ್ಕ ಹಾಕಿ. ರೂಪಾಯಿಯ ಪ್ರಮಾಣ ತೂಕ 180 ಗ್ರೇನ್, ಅದೇ ಒಂದು ತೊಲ, 11.66 ಗ್ರಾಂ. ಅದರಲ್ಲಿ 165 ಗ್ರೇನ್ ಶುದ್ಧ ಬೆಳ್ಳಿ, ಮಿಕ್ಕ 15 ಬೆರಕೆ. ಅಂದರೆ 12ರಲ್ಲಿ 11 ಪಾಲು ಬೆಳ್ಳಿ. 1835ರ ಕಂಪನಿ ಕಾಯ್ದೆಯಿಂದ 1930ರ ದಶಕ ಮುಗಿಯೋವರೆಗೂ ಈ ಪ್ರಮಾಣ ಹಾಗೇ ಇತ್ತು. ರೂಪಾಯಿಯನ್ನೇ ತೂಕದ ಕಲ್ಲಾಗಿ ತಕ್ಕಡಿಗೆ ಹಾಕ್ತಿದ್ದದ್ದು ಅದಕ್ಕೇ.

ಟಂಕಸಾಲೆಯಿಂದ ಹೊರಡುವಾಗಲೇ ಸಾವಿರಕ್ಕೆ 5ರಷ್ಟು ಹೆಚ್ಚುಕಡಿಮೆಗೆ ಅವಕಾಶ ಇತ್ತು, ಅಂದರೆ 11.61ರಿಂದ 11.72. ಚಲಾವಣೆಯಲ್ಲಿ ಸವೆದರೂ ನೂರಕ್ಕೆ 2ರಷ್ಟು ಇಳಿಯೋವರೆಗೆ 1906ರ ನಾಣ್ಯ ಕಾಯ್ದೆ ಅದನ್ನು ಪೂರ್ಣ ಬೆಲೆಗೆ ಸ್ವೀಕರಿಸುತ್ತಿತ್ತು. 2 ಪರ್ಸೆಂಟ್ ಅಂದರೆ 11.43 ಗ್ರಾಂ. ನಿಮ್ಮದು ಪ್ರಮಾಣ ತೂಕಕ್ಕಿಂತ ಶೇಕಡಾ 1ರಷ್ಟು ಕೆಳಗಿದೆ, ಸರದ ವಿವರ ಹೋಗಿರೋ ಸವೆತಕ್ಕೆ ಸರಿಯಾಗಿ ಹೊಂದುತ್ತೆ. ಅನುಮಾನ ಬರಬೇಕಾದದ್ದು ತಿರುಗುಮುರುಗಾದಾಗ: ಚಿತ್ರ ಪೂರ್ತಿ ಸವೆದು ತೂಕ ಮಾತ್ರ 11.66 ಇದ್ದರೆ ಅಥವಾ ವಿವರ ಚೂಪಾಗಿದ್ದು ತೂಕ 11.2 ಇದ್ದರೆ.

ತೂಕ ಒಂದೇ ನಂಬಬೇಡಿ. ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನೋದು ನೋಡಿ, ಮನೆಯಲ್ಲೇ ಆಗುತ್ತೆ. 0.01 ಗ್ರಾಂ ತೋರಿಸೋ ಡಿಜಿಟಲ್ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿದುಕೊಳ್ಳಿ. ತಕ್ಕಡಿ ತೋರಿಸೋ ಅಂಕೆಯಿಂದ ನಾಣ್ಯದ ತೂಕವನ್ನು ಭಾಗಿಸಿ. ಈ ಬೆರಕೆಗೆ 10.3 ಆಸುಪಾಸು ಬರಬೇಕು. ನಿಮ್ಮ 11.54ಕ್ಕೆ ತಕ್ಕಡಿ 1.12 ತೋರಿಸಬೇಕು. 1.30 ಬಂದರೆ ತಾಮ್ರ-ನಿಕ್ಕಲ್, 1.34ರ ಹತ್ತಿರ ಹೋದರೆ ಜರ್ಮನ್ ಸಿಲ್ವರ್ (ಬೆಳ್ಳಿಯೇ ಇಲ್ಲದ ತಾಮ್ರ-ನಿಕ್ಕಲ್-ಸತುವಿನ ಬೆರಕೆ). ಹೆಚ್ಚಾಗಿ ಎಡವೋದು ಗಾಳಿಗುಳ್ಳೆಯಿಂದ. ಅಂಚಿನ ಗೀರುಗಳಲ್ಲಿ ಗುಳ್ಳೆ ಅಂಟಿದರೆ ಅಂಕೆ ಏರಿ ಅಸಲಿ ಬೆಳ್ಳಿಯೂ ನಕಲಿಯಾಗಿ ಕಾಣುತ್ತೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಸೋಪು ಬಿಟ್ಟು, ನಾಣ್ಯವನ್ನು ಮೆಲ್ಲಗೆ ಅಲುಗಿಸಿ ಗುಳ್ಳೆ ಬಿಡಿಸಿ.

ಬೆಳ್ಳಿಯಲ್ಲೇ ಹೊಡೆದ ನಕಲಿಗಳೂ ಇವೆ, ಅವು ಈ ಪರೀಕ್ಷೆ ಪಾಸಾಗುತ್ತವೆ. ಅಲ್ಲಿ ಕಣ್ಣೇ ಗತಿ.

ಕಂಚಿನಕಾಸು
ಒಂದು ಮಾತು. ‘ಹಂದಿ’ ಅಂತ ಯಾಕೆ ಗಲಾಟೆ? ನಮ್ಮಲ್ಲಿ ಹಂದಿ ರಾಜಲಾಂಛನವೇ ಆಗಿತ್ತಲ್ಲ. ಬಾದಾಮಿ ಚಾಲುಕ್ಯರ ಮುದ್ರೆ ವರಾಹ. ಚಿನ್ನದ ನಾಣ್ಯಕ್ಕೇ ವರಾಹ ಅಂತ ಹೆಸರು. ವಿಜಯನಗರದವರ ಧ್ವಜದಲ್ಲೂ ಅದೇ. ಕರ್ನಾಟಕದ ಮಟ್ಟಿಗೆ ಹಂದಿ ರೂಪಾಯಿ ಅಂದರೆ ಹೆಮ್ಮೆ ಪಡಬೇಕಾದ್ದು!

ಹಳೇಪಾವಲಿ
ಚೆನ್ನಾಗಿದೆ, ಆದರೆ ಒಪ್ಪಲ್ಲ. ಚಾಲುಕ್ಯರ ವರಾಹ ಭೂಮಿಯನ್ನು ಎತ್ತಿದ ವಿಷ್ಣು. ಕೋರೆಹಲ್ಲು, ಎದೆಯುಬ್ಬಿಸಿ ನಿಂತ ನಿಲುವು, ಅದು ದೇವರು ಅಂತ ಯಾರಿಗೂ ಅನುಮಾನ ಬರಲ್ಲ. ಇಲ್ಲಿ ಇದ್ದದ್ದು ಮೋಟು ಬಾಲದ ಸಾಕುಪ್ರಾಣಿಯ ಆಕಾರ, ಅದೂ ಪರದೇಶದ ರಾಜನ ಅಂಗಿ ಮೇಲೆ. ರೂಪಾಯಿ ಓಡಾಡಿದ್ದು ಪೇಶಾವರದಿಂದ ರಂಗೂನ್‌ವರೆಗೆ. ಮುಸಲ್ಮಾನರಿಗೆ ಹಂದಿ ಮುಟ್ಟಬಾರದ ಪ್ರಾಣಿ, ದಿನವೂ ಕೈಯಲ್ಲಿ ಹಿಡಿಯೋ ನಾಣ್ಯದಲ್ಲಿ ಅದು ಇದೆ ಅಂದರೆ ಸುಮ್ಮನಿರ್ತಾರಾ? ಬಹುಪಾಲು ಹಿಂದೂಗಳಿಗೂ ಊರಹಂದಿ ಅಂದರೆ ಹೇಸಿಗೆಯೇ.

ಸರ್ಕಾರ ಅಷ್ಟು ಬೇಗ ಮಣಿದದ್ದಕ್ಕೆ ಹಿನ್ನೆಲೆ ಇದೆ. 1857ರ ಬಂಡಾಯಕ್ಕೆ ಕಿಡಿ ಹೊತ್ತಿದ್ದು ತೋಟಾಗಳಿಗೆ ಹಂದಿ-ಹಸುವಿನ ಕೊಬ್ಬು ಸವರಿದ್ದಾರೆ ಅನ್ನೋ ಮಾತಿನಿಂದ. ಅದು ಮರೆತುಹೋಗೋ ಪಾಠ ಅಲ್ಲ. ಮೇಲಾಗಿ 1911ರ ಡಿಸೆಂಬರ್ 12ಕ್ಕೆ ರಾಜ ಖುದ್ದಾಗಿ ದೆಹಲಿ ದರ್ಬಾರಿಗೆ ಬಂದಿದ್ದ ವರ್ಷ ಅದು. ಅಂಥ ಹೊತ್ತಿನಲ್ಲಿ ಈ ಮಾತು ಹಬ್ಬೋದು ಯಾವ ಅಧಿಕಾರಿಗೂ ಬೇಡವಾಗಿತ್ತು.

ಬಾಂಬೆಚುಕ್ಕಿ
ಅಂಕೆಗಳನ್ನೂ ಸೇರಿಸ್ತೀನಿ. 1911ರಲ್ಲಿ ಕಲ್ಕತ್ತಾದಲ್ಲಿ ಸುಮಾರು 43 ಲಕ್ಷ, ಬಾಂಬೆಯಲ್ಲಿ ಸುಮಾರು 51 ಲಕ್ಷ, ಒಟ್ಟು 94 ಲಕ್ಷ ರೂಪಾಯಿ ಹೊಡೆದರು. ಅದರಲ್ಲಿ ಜನರ ಕೈಗೆ ಹೋದದ್ದು 7 ಲಕ್ಷದಷ್ಟು ಮಾತ್ರ, ಮಿಕ್ಕದ್ದನ್ನು ತಡೆದು ಮತ್ತೆ ಕರಗಿಸಿದರು. 1912ರ ಅಚ್ಚಿಗೆ ಆನೆಯನ್ನು ಹೊಸದಾಗಿ ಕೆತ್ತಿದರು. ಕೋಟಿಗಟ್ಟಲೆ ಹೊಡೆದ ಮುಂದಿನ ವರ್ಷಗಳ ಪಕ್ಕದಲ್ಲಿಟ್ಟು ನೋಡಿದರೆ 1911 ಕಡಿಮೆಯೇ. ಆದರೆ ಜಾಹೀರಾತುಗಳಲ್ಲಿ ಕೂಗೋ ಹಾಗೆ ‘ಅಪರೂಪದಲ್ಲಿ ಅಪರೂಪ’ ಅಲ್ಲ, ಹುಡುಕಿದರೆ ಸಿಗುತ್ತೆ. ಚೂಪಾದ ಆನೆ ಉಳಿದಿರೋದು ಸಿಗೋದು ಕಷ್ಟ.

ಟಂಕಸಾಲೆ ತಿಳಿಯೋಕೆ ಹಿಂಬದಿಯ ಬುಡದಲ್ಲಿರೋ ತಾವರೆ ಹೂವಿನ ಕೆಳಗಿನ ಜಾಗ ನೋಡಿ. ಉಬ್ಬಿದ ಚುಕ್ಕಿ ಇದ್ದರೆ ಬಾಂಬೆ, ಇಲ್ಲದಿದ್ದರೆ ಕಲ್ಕತ್ತಾ. ಇಲ್ಲೊಂದು ತೊಡಕಿದೆ: ಅಚ್ಚಿನ ಆ ಸಣ್ಣ ಗುಣಿಯಲ್ಲಿ ಎಣ್ಣೆ-ಕೊಳೆ ತುಂಬಿಕೊಂಡಿದ್ದರೆ ಚುಕ್ಕಿ ಅರ್ಧ ಮೂಡುತ್ತೆ ಇಲ್ಲವೇ ಮೂಡೋದೇ ಇಲ್ಲ. ನಾಣ್ಯ ಸವೆದಾಗಲೂ ಹಾಗೇ. ತಾವರೆಯ ಎಸಳುಗಳ ಗೀರು ಚೂಪಾಗಿದ್ದು ಚುಕ್ಕಿ ಇಲ್ಲದಿದ್ದರೆ ಮಾತ್ರ ಕಲ್ಕತ್ತಾ ಅನ್ನಿ. ಎಸಳೂ ಸವೆದಿದ್ದರೆ ತೀರ್ಪು ಕೊಡಬೇಡಿ.

ಲೂಪ್‌ಕಣ್ಣು
ಹಿಂಬದಿ ಬಗ್ಗೆ ಯಾರೂ ಮಾತಾಡಲ್ಲ, ಎಲ್ಲರಿಗೂ ಹಂದಿಯೇ ಬೇಕು. ಸಂಕೇತದ ಲೆಕ್ಕದಲ್ಲಿ ಹಿಂಬದಿಯೇ ಹೆಚ್ಚು ಜಾಣತನದ್ದು. ಸುತ್ತಲಿನ ಹೂಬಳ್ಳಿಯಲ್ಲಿ ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಥಿಸಲ್ ಮುಳ್ಳುಹೂ, ಐರ್ಲೆಂಡಿನ ಮೂರೆಲೆಯ ಶಾಮ್ರಾಕ್, ಅವುಗಳ ಜತೆ ಭಾರತದ ತಾವರೆ. ನಾಲ್ಕೂ ಒಂದೇ ಬಳ್ಳಿಗೆ ಹೆಣೆದುಕೊಂಡಿವೆ, ಯಾವುದೂ ಬಿಡಿಯಾಗಿಲ್ಲ. ‘ನೀವೂ ನಮ್ಮವರೇ, ಆದರೆ ಬಳ್ಳಿ ನಮ್ಮದು’ ಅನ್ನೋ ಧಾಟಿ. ವೇಲ್ಸ್‌ಗೆ ಇಲ್ಲಿ ಹೂವೇ ಇಲ್ಲ ಅನ್ನೋದನ್ನೂ ಗಮನಿಸಿ.

ನಡುವೆ ಇಂಗ್ಲಿಷಿನಲ್ಲಿ ಬೆಲೆ, ಇಂಡಿಯಾ, ಇಸವಿ. ಜತೆಗೆ ಪಾರಸಿ ಲಿಪಿಯಲ್ಲಿ ‘ಯಕ್ ರುಪಯಾ’. ಅಷ್ಟೇ. ದೇಶದ ಬಹುಪಾಲು ಜನ ಓದೋ ಲಿಪಿ ಯಾವುದೂ ರೂಪಾಯಿಯಲ್ಲಿಲ್ಲ. ಪಾರಸಿಯನ್ನು ಉಳಿಸಿಕೊಂಡದ್ದು ಮೊಗಲರ ರೂಪಾಯಿಯ ವಾರಸುದಾರರು ನಾವು ಅಂತ ತೋರಿಸೋಕೆ. ಅದೇ ಕಾಲದ ನಿಕ್ಕಲ್ ಬೆರಕೆಯ ಒಂದಾಣೆ ನೋಡಿ, ಅಂಚು ಬಳುಕಿದ ಹನ್ನೆರಡು ಎಸಳಿನದು. ಅದು ಸಂತೆಯಲ್ಲಿ ಓಡಾಡೋ ಚಿಲ್ಲರೆ, ಅದಕ್ಕೇ ನಾಗರಿ, ಬಂಗಾಳಿ, ತೆಲುಗು, ಉರ್ದು ನಾಲ್ಕೂ ಇವೆ. ನಮ್ಮವರಲ್ಲಿ ಹಲವರು ಅದರಲ್ಲಿರೋ ತೆಲುಗನ್ನು ಕನ್ನಡ ಅಂದುಕೊಂಡು ಖುಷಿಪಡ್ತಾರೆ. ಕನ್ನಡ ಇಲ್ಲ.

ಕಂಚಿನಕಾಸು
ಕನ್ನಡ ಬೇಕಿದ್ದರೆ ಮೈಸೂರಿಗೇ ಬರಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲಿ ‘ಮಯಿಲಿ ಕಾಸು’ ಅಂತ ಕನ್ನಡದಲ್ಲೇ ಬೆಲೆ ಇದೆ, ಜತೆಗೆ ಇಂಗ್ಲಿಷ್ ಅಂಕಿ-ಅಕ್ಷರ, ಪಾರಸಿ. 1843ರಲ್ಲಿ ಟಂಕಸಾಲೆ ಮುಚ್ಚಿತು, ಆ ಸರಣಿ ಅಲ್ಲಿಗೇ ನಿಂತಿತು.

ಆನೆಯ ಮಾತಿಗೂ ಇಲ್ಲೇ ಉತ್ತರ ಇದೆ. ಟಿಪ್ಪುವಿನ ತಾಮ್ರದ ಪೈಸಾ ತೆಗೆದುಕೊಳ್ಳಿ. ಪಟ್ಟಣ (ಶ್ರೀರಂಗಪಟ್ಟಣ), ನಗರ (ಬಿದನೂರು), ಯಾವ ಟಂಕಸಾಲೆಯದೇ ಆಗಲಿ, ಕೈಯಲ್ಲಿ ಕೆತ್ತಿದ ಅಚ್ಚು, ಒರಟು ತಾಮ್ರ, ನಡುವೆ ಕೂರದ ಹೊಡೆತ. ಆದರೂ ಆನೆ ಆನೆಯೇ. ಎಷ್ಟು ಸವೆದರೂ ಹಂದಿ ಅನ್ನೋಕೆ ಸಾಧ್ಯವಿಲ್ಲ.

ಅಚ್ಚುಮೊಳೆ
ಕಾರಣ ಅಳತೆ, ಕೆತ್ತುವವನ ಕೈ ಅಲ್ಲ. ಟಿಪ್ಪುವಿನ ಪೈಸಾದಲ್ಲಿ ಆನೆ ನಾಣ್ಯದ ಪೂರ್ತಿ ಮುಖ ತುಂಬಿದೆ, ಸೊಂಡಿಲಿಗೇ ಹಲವು ಮಿಲಿಮೀಟರ್ ಸಿಕ್ಕಿದೆ. ಜಾರ್ಜ್‌ನ ರೂಪಾಯಿಯಲ್ಲಿ ಇಡೀ ಆನೆಗೆ ಸಿಕ್ಕಿದ್ದು ಹೆಚ್ಚೂಕಡಿಮೆ ಒಂದು ಅಕ್ಕಿಕಾಳಿನ ಜಾಗ.

ಮೆಕೆನಲ್ ಥರದ ಶಿಲ್ಪಿ ಮೊದಲು ಅಗಲವಾದ ಪ್ಲಾಸ್ಟರ್ ಮಾದರಿ ಮಾಡ್ತಾನೆ. ಅದರಿಂದ ಲೋಹದ ಪಡಿಯಚ್ಚು ತೆಗೆದು, ರಿಡ್ಯೂಸಿಂಗ್ ಮೆಷಿನ್‌ಗೆ ಏರಿಸ್ತಾರೆ. ಅದರ ಒಂದು ತುದಿಯ ಮೊಳೆ ದೊಡ್ಡ ಮಾದರಿಯ ಮೇಲೆ ಸುತ್ತು ಸುತ್ತಾಗಿ ಹರಿದಾಡುತ್ತೆ. ಇನ್ನೊಂದು ತುದಿಯ ಕೊರೆಯುವ ಉಳಿ ಅದನ್ನೇ ನಾಣ್ಯದ ಗಾತ್ರಕ್ಕೆ ಉಕ್ಕಿನ ಮೇಲೆ ಕೊರೆಯುತ್ತೆ. ಹಾಗೆ ಬಂದ ಮೂಲಮುದ್ರೆಯಿಂದ ಮಾತೃಕೆ, ಮಾತೃಕೆಯಿಂದ ಕೆಲಸದ ಮುದ್ರೆ, ಅದರಿಂದ ಅಚ್ಚುಗಳು. ಪ್ರತಿ ಹಂತದಲ್ಲೂ ಸಣ್ಣ ಅಂಚುಗಳು ಒಂದಿಷ್ಟು ಮೊಂಡಾಗುತ್ತವೆ. ಪ್ಲಾಸ್ಟರಿನ ಮೇಲೆ ಕಣ್ಣಿಗೆ ಚೆಂದ ಕಂಡ ಸೊಂಡಿಲು, ಉಳಿಯ ಮೊನೆಗಿಂತ ತೆಳ್ಳಗಿದ್ದರೆ ಉಕ್ಕಿಗೆ ಬರೋದೇ ಇಲ್ಲ. ಬಂದರೂ ತಲೆಗೋ ಕಾಲಿಗೋ ಅಂಟಿಕೊಂಡು ಒಂದೇ ಮುದ್ದೆ. ಇಷ್ಟು ಚಿಕ್ಕದರಲ್ಲಿ ಆನೆ ಉಳಿಯಬೇಕಾದರೆ ಸೊಂಡಿಲನ್ನು ದೇಹದಿಂದ ದೂರ ಬಿಡಿಸಿ, ನಿಜಕ್ಕಿಂತ ಉದ್ದ, ದಪ್ಪ ಮಾಡಬೇಕು. 1912ರಲ್ಲಿ ಮಾಡಿದ್ದು ಇದನ್ನೇ. ಆನೆಯನ್ನು ಅತಿಶಯ ಮಾಡಿದರು, ಆಗ ಆನೆಯಾಯಿತು.

ಇನ್ನೊಂದು ಆಯ್ಕೆ ಅವರ ಮುಂದೆ ಇತ್ತು. 1861ರ ‘ಸ್ಟಾರ್ ಆಫ್ ಇಂಡಿಯಾ’ ಇದಕ್ಕಿಂತ ಮೇಲಿನ ಶ್ರೇಣಿ. ಅದರ ಸರದಲ್ಲಿ ತಾವರೆ, ಗುಲಾಬಿ, ತಾಳೆಗರಿ. ಪ್ರಾಣಿಯೇ ಇಲ್ಲ, ತಗಾದೆಯೂ ಇಲ್ಲ. ಹೂವು ಮೊಂಡಾದರೂ ಹೂವೇ.

ಬೆಳ್ಳಿಬಿಲ್ಲೆ
ಲೋಟದ ಪರೀಕ್ಷೆ ಮಾಡಿದೆ. 1.12. ಚುಕ್ಕಿ ಇದೆ, ಮಬ್ಬಾಗಿ. ಹಾಗಾದರೆ ಬಾಂಬೆ. ಆದರೆ ರಾಜನ ಕಿರೀಟದ ಮೇಲ್ಭಾಗದ ಅಂಚಿನಲ್ಲಿ ಗೀರುಗಳು ಸ್ವಲ್ಪ ದೂರ ಇಲ್ಲ, ಅಲ್ಲಿ ಬೆಳ್ಳಿ ಬೇರೆ ಬಣ್ಣ.

ಲೂಪ್‌ಕಣ್ಣು
ಅದು ಕೊಂಡಿ ಬೆಸೆದ ಗುರುತು. ಕಾಸಿನ ಸರಕ್ಕೆ ಹಾಕಿದ್ದ ರೂಪಾಯಿ. ಗಡಿಯಾರದ 12ರ ಜಾಗದಲ್ಲೇ ಬರುತ್ತೆ, ರಾಜನ ತಲೆ ನೆಟ್ಟಗೆ ನಿಲ್ಲಲಿ ಅಂತ. ಬೆಸುಗೆಯಲ್ಲಿ ತಾಮ್ರ-ಸತು ಹೆಚ್ಚಿರೋದರಿಂದ ಹಳದಿ ಛಾಯೆ ಬರುತ್ತೆ. ಕೊಂಡಿ ಕಿತ್ತ ಮೇಲೆ ಅಂಚನ್ನು ಅರದಿಂದ ಉಜ್ಜಿ ಸಮ ಮಾಡಿರ್ತಾರೆ, ಗೀರು ಹೋಗೋದು ಆಗಲೇ. ಮತ್ತೆ ಅರದಲ್ಲಿ ಗೀರು ಹಾಕಿಸೋ ಆಲೋಚನೆ ಬೇಡ. ಅಸಲಿ ಗೀರುಗಳ ಅಂತರಕ್ಕೆ ಅದು ತಾಳೆಯಾಗಲ್ಲ, ಸಂಗ್ರಾಹಕರು ತಕ್ಷಣ ಹಿಡೀತಾರೆ. ಅಸಲಿತನಕ್ಕೆ ಇದರಿಂದ ಧಕ್ಕೆಯಿಲ್ಲ, ಬೆಲೆಗೆ ಇದೆ. ಮಾರುವಾಗ ‘ಕೊಂಡಿ ತೆಗೆದದ್ದು’ ಅಂತ ಬರೆಯಲೇಬೇಕು.

ಎರಕದ ನಕಲಿಯಲ್ಲಿ ಅಂಚು ಬೇರೆ ಥರ: ಸುತ್ತಲೂ ನಡುವಿನಲ್ಲಿ ಎರಡಚ್ಚು ಸೇರಿದ ಗೆರೆ, ಅಥವಾ ಅದನ್ನು ಉಜ್ಜಿದ ಗುರುತು, ಅಕ್ಷರಗಳ ಮಧ್ಯೆ ಸೂಜಿಮೊನೆಯಷ್ಟು ಗುಳಿಗಳು. ಜತೆಗೆ ಅಕ್ಷ ನೋಡಿ. ರಾಜನ ತಲೆ ಮೇಲೆ ಮಾಡಿ ಹಿಡಿದು, ಪುಸ್ತಕದ ಹಾಳೆಯ ಹಾಗೆ ಪಕ್ಕಕ್ಕೆ ತಿರುಗಿಸಿದರೆ ಹಿಂಬದಿಯೂ ನೆಟ್ಟಗೇ ಬರಬೇಕು. ತುಂಬ ವಾಲಿದ್ದರೆ ಇನ್ನೊಂದು ಸಲ ಎಲ್ಲ ಪರೀಕ್ಷೆ ಮಾಡಿ.

ಹೊಸಸಂಗ್ರಾಹಕ
ಮಧ್ಯೆ ಬಂದೆ, ಕ್ಷಮಿಸಿ. ಕಂಪನಿಯವರದು 1818ರ ಅರ್ಧಾಣೆ, ಒಂದು ಬದಿ ರಾಮ-ಸೀತೆ-ಹನುಮಂತ ಇರೋದು, ಲಕ್ಷಗಟ್ಟಲೆ ಬೆಲೆ ಅಂತಾರೆ. ಅದರ ಸಂಕೇತ ಏನು?

ತೊಲೆತಕ್ಕಡಿ
ಸಂಕೇತ ಏನೂ ಇಲ್ಲ, ಅದು ಕಂಪನಿಯ ನಾಣ್ಯವೇ ಅಲ್ಲ. ಈಸ್ಟ್ ಇಂಡಿಯಾ ಕಂಪನಿ ರಾಮ-ಸೀತೆಯರ ಚಿತ್ರವಿರೋ ಯಾವ ನಾಣ್ಯವನ್ನೂ ಹೊಡೆದಿಲ್ಲ. 1616, 1717, 1818, 1839 ಹೀಗೆ ಕೇಳೋಕೆ ಚೆಂದದ ಇಸವಿ ಹಾಕಿ ಮಾಡಿದ ಕಟ್ಟುಬಿಲ್ಲೆಗಳು. ಕಂಪನಿಯ ಅಸಲಿ ತಾಮ್ರದಲ್ಲಿ ಅವರ ಲಾಂಛನ ಇರುತ್ತೆ. ಬಾಂಬೆ ಪ್ರಾಂತ್ಯದವುಗಳಲ್ಲಿ ತಕ್ಕಡಿ ಚಿತ್ರ, ಅದರ ತಟ್ಟೆಗಳ ನಡುವೆ ಪಾರಸಿಯಲ್ಲಿ ನ್ಯಾಯ ಅನ್ನೋ ಅರ್ಥದ ‘ಅದ್ಲ್’. ಮುಂಗಡ ಕೇಳಿ ಬರೋ ಫೋನ್ ಕರೆಗಳಿಗೆ ದುಡ್ಡು ಕಳಿಸಬೇಡಿ. ಬೇರೆ ಎಳೆ ತೆರೆಯಿರಿ, ಇಲ್ಲಿ ಆನೆಯೇ ಮುಗಿದಿಲ್ಲ.

ಕಂಚಿನಕಾಸು
ನಾಣ್ಯ ಕಪ್ಪಾಗಿದೆ ಅಂದರೆ ಹುಣಸೆಹಣ್ಣು ಹಚ್ಚಿ ತೊಳೆದರಾಯಿತು, ಅಲ್ವಾ? ಆನೆ ಚೆನ್ನಾಗಿ ಕಾಣುತ್ತೆ.

ಅಚ್ಚುಮೊಳೆ
ದಯವಿಟ್ಟು ಬೇಡ. ಹುಣಸೆಯ ಹುಳಿ ಮೇಲ್ಪದರದ ತಾಮ್ರವನ್ನು ತಿಂದು ಬೆಳ್ಳಿಯನ್ನು ಸಪ್ಪೆ ಬಿಳಿಯಾಗಿಸುತ್ತೆ. ವಿಭೂತಿ, ಟೂತ್‌ಪೇಸ್ಟ್ ಎರಡೂ ಉಜ್ಜುಪುಡಿ, ಉಳಿದಿರೋ ಆನೆಯ ಬೆನ್ನೂ ಹೋಗುತ್ತೆ. ಅಂಗಡಿಯಲ್ಲಿ ಸಿಗೋ ಸಿಲ್ವರ್ ಡಿಪ್ ಕಪ್ಪನ್ನು ಕರಗಿಸುವಾಗ ಅದರ ಕೆಳಗಿನ ಬೆಳ್ಳಿಯನ್ನೂ ಒಂದು ಪದರ ಒಯ್ಯುತ್ತೆ, ಹೊಡೆತದಲ್ಲಿ ಬಂದ ಮೂಲ ಹೊಳಪು ವಾಪಸ್ ಬರಲ್ಲ. ಕಪ್ಪು ಇದ್ದರೆ ಇರಲಿ. ತಗ್ಗಿನ ಕಪ್ಪೇ ಉಬ್ಬಿದ್ದನ್ನು ಎತ್ತಿ ತೋರಿಸೋದು.

ಜಿಡ್ಡು, ಹಸಿರು ಅಂಟು ಇದ್ದರೆ ಮಾತ್ರ ಶುದ್ಧ ಅಸಿಟೋನ್‌ನಲ್ಲಿ ಕೆಲವು ನಿಮಿಷ ಮುಳುಗಿಸಿ, ಉಜ್ಜದೆ ತೆಗೆದು, ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಹಸಿರು ಅಂಟು ಬರೋದು ಹೆಚ್ಚಾಗಿ ಪಿವಿಸಿ ಆಲ್ಬಮ್ಮಿನಿಂದ: ಪ್ಲಾಸ್ಟಿಕ್ ಮೆದುವಾಗಿರಲಿ ಅಂತ ಬೆರೆಸಿದ ಎಣ್ಣೆಯಂಥ ವಸ್ತು ಹೊರಬರುತ್ತೆ, ಪಿವಿಸಿ ಕೆಟ್ಟಂತೆ ಆಮ್ಲ ಬಿಡುಗಡೆಯಾಗಿ ಬೆರಕೆಯ ತಾಮ್ರವನ್ನು ಕೊರೆಯುತ್ತೆ. ಮೈಲಾರ್ (ಪಾಲಿಯೆಸ್ಟರ್) ಹಾಳೆಯ ಹೋಲ್ಡರಿಗೆ ಹಾಕಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ಜೆಲ್ ಪುಡಿ ನಾಣ್ಯಕ್ಕೆ ತಾಗಬಾರದು.

ಬಾಂಬೆಚುಕ್ಕಿ
ಒಂದು ಪೂರಕ ಸಂಗತಿ. ಈ ತಿದ್ದಿದ ಆನೆಯ ರೂಪಾಯಿಯ ಸರಣಿ 1922ಕ್ಕೆ ನಿಂತಿತು, ಕೊನೆಯ 1921, 1922 ಎರಡೂ ಬಾಂಬೆಯವು. ಮಹಾಯುದ್ಧದಲ್ಲಿ ಬೆಳ್ಳಿ ದುಬಾರಿಯಾಗಿ ರೂಪಾಯಿ ಕರಗಿಸಿದರೆ ಲಾಭ ಅನ್ನೋ ಸ್ಥಿತಿ ಬಂದಾಗ, 1917ರಲ್ಲಿ ಒಂದು ರೂಪಾಯಿ ನೋಟು ತಂದರು. ಆ ನೋಟಿನ ಮೇಲೆ ಜಾರ್ಜ್‌ನ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅಚ್ಚು ಹಾಕಿದರು, ಕಾಗದವನ್ನು ಜನ ನಂಬಲಿ ಅಂತ. ಬೆಳ್ಳಿ ರೂಪಾಯಿ ಮತ್ತೆ ಬಂದದ್ದು ಆರನೇ ಜಾರ್ಜ್‌ನ 1938ರ ಇಸವಿಯಲ್ಲಿ. ಅದರಲ್ಲಿ ಮತ್ತೆ ಕತ್ತಿನವರೆಗಿನ ಚಿತ್ರ, ಸರವೂ ಇಲ್ಲ, ಆನೆಯೂ ಇಲ್ಲ. 1940ರಿಂದ ಬೆಳ್ಳಿ ಅರ್ಧಕ್ಕರ್ಧ ಇಳಿಯಿತು, ನಕಲಿ ತಡೆಯೋಕೆ ಅಂಚಿನ ನಡುವೆ ಸುತ್ತಲೂ ತೋಡು ಬಂತು.

ಬೆಳ್ಳಿಬಿಲ್ಲೆ
ಕೊನೇ ಪ್ರಶ್ನೆ. ಫೋಟೋ ತೆಗೆದರೆ ಒಂದರಲ್ಲಿ ಹಂದಿ, ಇನ್ನೊಂದರಲ್ಲಿ ಆನೆ ಥರ ಕಾಣುತ್ತೆ. ಯಾಕೆ?

ಲೂಪ್‌ಕಣ್ಣು
ನೆರಳಿನ ಆಟ. ಸೊಂಡಿಲಿನ ಉದ್ದಕ್ಕೇ ಬೆಳಕು ಬಿದ್ದರೆ ಅದಕ್ಕೆ ನೆರಳು ಬೀಳಲ್ಲ, ಬಯಲಿನಲ್ಲಿ ಕರಗಿಹೋಗುತ್ತೆ. ಅಡ್ಡಲಾಗಿ ಬಿದ್ದರೆ ಮುಂದಿನ ಕಾಲಿನ ನೆರಳೇ ಸೊಂಡಿಲಿನ ಹಾಗೆ ಉದ್ದ ಚಾಚುತ್ತೆ. ಫೋನಿನ ಫ್ಲಾಶ್ ಆರಿಸಿ. ಒಂದೇ ಟೇಬಲ್ ಲ್ಯಾಂಪ್ ಇಟ್ಟು, ಬೆಳಕು ಮೇಜಿಗೆ 20 ಡಿಗ್ರಿಯಷ್ಟು ತಗ್ಗಿನಲ್ಲಿ ಬೀಳೋ ಹಾಗೆ ಮಾಡಿ. ಫೋನನ್ನು ಪುಸ್ತಕಗಳ ಮೇಲೆ ಅಡ್ಡ ಇಟ್ಟು ಲೆನ್ಸ್ ನೇರ ಕೆಳಗೆ ನೋಡಲಿ, ಕೈಯಲ್ಲಿ ಹಿಡಿಯಬೇಡಿ. ದೀಪ, ಫೋನ್ ಎರಡನ್ನೂ ಕದಲಿಸದೆ ನಾಣ್ಯವನ್ನು ಮಾತ್ರ ಕಾಲು ಸುತ್ತು ತಿರುಗಿಸುತ್ತ ನಾಲ್ಕು ಫೋಟೋ ತೆಗೆಯಿರಿ. ನಾಲ್ಕರಲ್ಲೂ ಉಳಿಯೋ ಗೆರೆ ನಾಣ್ಯದ್ದು, ಒಂದೆರಡರಲ್ಲಿ ಮಾತ್ರ ಬಂದುಹೋಗೋದು ನೆರಳು. ನಾಲ್ಕನ್ನೂ ಇಲ್ಲಿ ಹಾಕಿ, ಜತೆಗೆ ಕೊಂಡಿ ಗುರುತಿನ ಅಂಚಿನದೂ ಒಂದು.